ಹಲ್ಲುಕಡ್ಡಿ ಮಹಾಶಯನ ಸಹವಾಸ

ಮಾರ್ಚ್ ೩, ಸೋಮವಾರ

ಇದನ್ನು ಇಲ್ಲಿಯೂ ಬರೆಯದೇ ಬಿಡುವವಳಿದ್ದೆ. ನನ್ನೊಬ್ಬಳಿಗಾಗಿ ಬರೆಯುವ ಪುಸ್ತಕದಲ್ಲೂ ಮಾನ ಕಾಪಾಡಿಕೊಳ್ಳುವುದು ತಮಾಷೆ ಅನ್ನಿಸಿ ಬರೆಯುತ್ತಿದ್ದೇನೆ: ಆ ಕಾದಂಬರಿಗಳು ನನಗೆ ಇಷ್ಟ.

ಅಂದರೆ, ಭಯೋತ್ಪಾದಕರ ಬೆನ್ನುಹತ್ತುವ ಪತ್ತೇದಾರನ ಇಂಗ್ಲಿಷ್ ಕಾದಂಬರಿಗಳು. ಮುಖಪುಟದಲ್ಲಿ ಬೆಂಕಿ, ಬೆಂಕಿಗೆ ಬೆನ್ನು ಹಾಕಿ, ಏನೂ ಅವಸರವಿಲ್ಲದೆ ನಡೆದು ಬರುವ ಗಂಡಸು. ರೈಲಿನಲ್ಲಿ ಜನ ಮರೆತುಹೋದ ಸಾಮಾನುಗಳ ಕಚೇರಿಯಲ್ಲಿ ಇಷ್ಟು ವರ್ಷ ಕೂತು ನಾನು ಕಲಿತದ್ದು ಇಷ್ಟು: ಕೊಡೆಗೆ ವಾರಸುದಾರರು ಬರುತ್ತಾರೆ, ಒಂಟಿ ಚಪ್ಪಲಿಗೂ ಬರುತ್ತಾರೆ, ಈ ಕಾದಂಬರಿಗಳಿಗೆ ಮಾತ್ರ ಯಾರೂ ಬರುವುದಿಲ್ಲ. ಓದಿ ಮುಗಿಸಿ, ಸೀಟಿನ ಸಂದಿಗೆ ತುರುಕಿ, ಏನೂ ಅರಿಯದವರ ಹಾಗೆ ಇಳಿದುಹೋಗುತ್ತಾರೆ. ಅವಧಿ ಮುಗಿಯುವವರೆಗೆ ಅವು ನಮ್ಮ ಕಪಾಟಿನಲ್ಲಿರಬೇಕು. ನಾನು ಒಂದೊಂದಾಗಿ ಮನೆಗೆ ತಂದು, ಓದಿ, ವಾಪಸ್ ಇಡುತ್ತಿದ್ದೇನೆ. ಬಸ್ಸಿನಲ್ಲಿ ಯಾರೂ ನೋಡದಿರಲಿ ಎಂದು ದಿನಪತ್ರಿಕೆಯ ಹೊದಿಕೆ ಹಾಕುತ್ತೇನೆ. ಇಂಗ್ಲಿಷ್ ಶಾಲೆಯಲ್ಲಿ ಓದಿಸಿದ್ದು ಇದಕ್ಕೇನಾ ಎಂದು ಅಪ್ಪ ಇದ್ದಿದ್ದರೆ ಕೇಳುತ್ತಿದ್ದರು.

ನಾಯಕನ ಬಾಯಲ್ಲಿ ಯಾವಾಗಲೂ ಒಂದು ಹಲ್ಲುಕಡ್ಡಿ. ಆದ್ದರಿಂದ ಅವನಿಗೆ ಹಲ್ಲುಕಡ್ಡಿ ಮಹಾಶಯ ಎಂದು ಹೆಸರಿಟ್ಟಿದ್ದೇನೆ. ಅವನಿಗೆ ತಾಯಿಯಿಲ್ಲ, ಕರೆಂಟ್ ಬಿಲ್ಲಿಲ್ಲ, ನೆಗಡಿಯಾಗುವುದಿಲ್ಲ. ರಜೆ ಚೀಟಿ ಬರೆದುಕೊಡದೆ ದೇಶದಿಂದ ದೇಶಕ್ಕೆ ಹಾರುತ್ತಾನೆ. ಮೇಲಧಿಕಾರಿ ಪ್ರತಿ ಪುಸ್ತಕದ ನಡುವೆ ಅವನನ್ನು ಕೆಲಸದಿಂದ ತೆಗೆಯುತ್ತಾನೆ, ಕೊನೆಗೆ ಕೈಕುಲುಕುತ್ತಾನೆ. ಎದೆಗೆ ಬಂದೂಕು ಹಿಡಿದವನ ಎದುರು ನಿಂತು, ನಿನ್ನ ಟೈ ಚೆನ್ನಾಗಿಲ್ಲ ಅನ್ನುತ್ತಾನೆ. ಎಲ್ಲ ಬುರುಡೆ. ಬುರುಡೆ ಎಂದು ಗೊತ್ತಿದ್ದೂ ಇವತ್ತು ನನ್ನ ಸ್ಟಾಪು ದಾಟಿ ಮುಂದೆ ಹೋಗಿ ಇಳಿದೆ.

ಮಾರ್ಚ್ ೬, ಗುರುವಾರ

ಅಮ್ಮನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬಿದ್ದು ಸೊಂಟ ನೋಯಿಸಿಕೊಂಡು ನನ್ನ ಮನೆಗೆ ಬಂದಾಗಿನಿಂದ ಅಮ್ಮನಿಗೆ ಒಂದಲ್ಲ ಒಂದು. ಉಳಿದಿದ್ದ ಹಲ್ಲುಗಳನ್ನೂ ತೆಗೆಸಿದ್ದಾಯಿತು. ಬಾಯಿ ಬೋಳಾದರೂ ಮಾತಿನ ಮೊನೆ ಹೋಗಿಲ್ಲ.

ಡಾಕ್ಟರು ಗುಲಾಬಿ ಬಣ್ಣದ ಮೇಣವನ್ನು ಬಿಸಿ ಮಾಡಿ, ಲಾಳದ ಹಾಗೆ ಬಗ್ಗಿಸಿ, ಅಮ್ಮನ ಬಾಯೊಳಗಿಟ್ಟು, "ಕಚ್ಚಿ ಅಮ್ಮ" ಅಂದರು.

"ಯಾವುದರಿಂದ ಕಚ್ಚಲಿ?" ಎಂದು ಅಮ್ಮ ಮೇಣದ ಸಂದಿಯಿಂದಲೇ ಕೇಳಿದಳು.

ಅಳತೆಯೆಲ್ಲ ಇನ್ನೊಂದು ಊರಿಗೆ ಹೋಗುತ್ತದಂತೆ. ಅಲ್ಲಿ ಹಲ್ಲಿನ ಸೆಟ್ ತಯಾರಿಸುವವರೊಬ್ಬರು ಇದ್ದಾರೆ, ಸಿದ್ಧವಾದ ಮೇಲೆ ಅವರೇ ರೈಲಿನಲ್ಲಿ ತಂದುಕೊಡುತ್ತಾರೆ, ಇಪ್ಪತ್ತೇಳಕ್ಕೆ ಕೈಗೆ ಬರುತ್ತದೆ ಎಂದರು. ಅಮ್ಮನದು ಒಂದೇ ಷರತ್ತು. "ಮುಂದಿನ ಹಲ್ಲೊಂದು ಸ್ವಲ್ಪ ಸೊಟ್ಟಗಿರ್ಲಿ ಡಾಕ್ಟ್ರೇ. ನನ್ನದು ಹಾಗೇ ಇತ್ತು."

"ಎಲ್ರೂ ನೆಟ್ಟಗೆ ಮಾಡಿಸ್ಕೊಳ್ಳೋಕೆ ಬರ್ತಾರೆ."

"ಎಲ್ಲ ನೆಟ್ಟಗಿದ್ರೆ ಕನ್ನಡೀಲಿ ಬೇರೆ ಯಾರೋ ನಗ್ತಾರೆ. ಈ ವಯಸ್ಸಲ್ಲಿ ಹೊಸಬರ ಪರಿಚಯ ಬೇಡ."

ಡಾಕ್ಟರು ನಗುತ್ತ ಬರೆದುಕೊಂಡರು.

ಮಾರ್ಚ್ ೯, ಭಾನುವಾರ

"ಒಬ್ಬಳೇ ಏನು ನಗ್ತಿದ್ದೀಯ? ನನಗೂ ಹೇಳು" ಅಂದಳು ಅಮ್ಮ. ಸಿಕ್ಕಿಬಿದ್ದೆ. ಮಹಾಶಯನ ಕಥೆಯನ್ನು ಕನ್ನಡದಲ್ಲಿ ಹೇಳಲು ಕೂತೆ. ಆಗ ಗೊತ್ತಾಯಿತು, ಅವನ ನಗೆಮಾತುಗಳನ್ನು ಹಾಗೇ ಹೇಳಿದರೆ ಅವು ತಣ್ಣಗಾದ ಚಹಾದ ಹಾಗೆ. ಹಾಗಾಗಿ ನಾನೇ ಕಟ್ಟತೊಡಗಿದೆ. ಖಳನಾಯಕ ಮಹಡಿಯ ಅಂಚಿನಿಂದ ನೇತಾಡುತ್ತ "ಕೈ ಕೊಡು, ಕೈ ಕೊಡು" ಅನ್ನುತ್ತಾನೆ. "ಸರಿ, ಕೊಟ್ಟೆ" ಅಂದು ಮಹಾಶಯ ಹೊರಟೇ ಹೋಗುತ್ತಾನೆ. ಅಮ್ಮ ವಸಡು ಕಾಣುವ ಹಾಗೆ ನಕ್ಕಳು. ಪುಸ್ತಕದಲ್ಲಿದ್ದದ್ದು ಹವಾಮಾನದ ಬಗ್ಗೆ ಏನೋ ಒಂದು ಸಪ್ಪೆ ಮಾತು. ನನ್ನದೇ ಮೇಲು.

ಮುಂದೆ ಅವನು ಒಬ್ಬ ಟ್ಯಾಕ್ಸಿಯವನನ್ನು ಕೆಳಗೆ ತಳ್ಳಿ, ಕಾರು ಕಿತ್ತುಕೊಂಡು, ಸೇತುವೆಯಿಂದ ಹೊಳೆಗೆ ಹಾರಿಸಿ, ಊರನ್ನು ಉಳಿಸುತ್ತಾನೆ.

"ಆ ಡ್ರೈವರ್ ಏನಾದ?" ಎಂದಳು ಅಮ್ಮ.

"ಯಾವ ಡ್ರೈವರ್?"

"ಕಾರು ಅವನದು ತಾನೇ?"

"ಅವನು ಮತ್ತೆ ಬರಲ್ಲಮ್ಮ."

"ಬರಲ್ಲ ಅಂದ್ರೆ? ನಾಳೆ ದುಡಿಮೆಗೆ ಏನು ಮಾಡ್ತಾನೆ?"

"ಅಮ್ಮಾ, ಊರು ಉಳೀತಲ್ಲ."

"ಉಳೀತು. ಅವನ ಕಾರು?"

ಕಥೆ ಕೇಳುವುದು ಗೊತ್ತಿಲ್ಲದವರಿಗೆ ಕಥೆ ಹೇಳಬಾರದು.

ಮಾರ್ಚ್ ೧೪, ಶುಕ್ರವಾರ

ನಮ್ಮ ಮೇಲಧಿಕಾರಿ ನೆಲಮಾಳಿಗೆಯ ಕಚೇರಿಗೆ ಇಳಿದು ಬಂದರು. ಅವರು ಬಂದರೆಂದರೆ ಒಳ್ಳೆಯ ಸುದ್ದಿಯಲ್ಲ. ನಮ್ಮ ಕಚೇರಿಯನ್ನು ಮುಚ್ಚಿ ಭದ್ರತಾ ವಿಭಾಗಕ್ಕೆ ಸೇರಿಸುವ ಯೋಚನೆ ಇದೆಯಂತೆ. "ನೀವು ಮಾಡೋದು ಒಂದು ಥರ ದಾಸ್ತಾನು ಕೆಲಸ ತಾನೇ?" ಎಂದರು. ಮಹಾಶಯನಾಗಿದ್ದರೆ ತಕ್ಷಣ ಏನಾದರೂ ಅಂದಿರುತ್ತಿದ್ದ. ನನಗೆ ಉತ್ತರ ಹೊಳೆದದ್ದು ಅವರು ಮೆಟ್ಟಿಲು ಹತ್ತಿದ ಮೇಲೆ.

ಇಲ್ಲಿ ನಾವಿಬ್ಬರೇ, ನಾನು ಮತ್ತು ಕೊಡೆಯಣ್ಣ. ಮುರಿದು ಬಂದ ಕೊಡೆಗಳನ್ನೆಲ್ಲ ಕೂತು ಸರಿಮಾಡುವುದರಿಂದ ಅವನಿಗೆ ಆ ಹೆಸರು. ನಮ್ಮ ಕೆಲಸಕ್ಕೆ ಒಂದು ಕ್ರಮವಿದೆ. ಚೀಲ ತೆರೆಯುವಾಗ ಇಬ್ಬರೂ ಇರಬೇಕು. ಮೊದಲು ಪಕ್ಕದ ಜೇಬು. ಜನ ತಮ್ಮ ಹೆಸರು, ನಂಬರು ಇಟ್ಟುಕೊಳ್ಳುವುದು ಅಲ್ಲೇ. ಜೇಬಿನಲ್ಲಿ ಸಿಕ್ಕರೆ ಒಳಗಿನದನ್ನು ಮುಟ್ಟಬಾರದು. ಅದು ಇನ್ನೊಬ್ಬರ ಸಂಸಾರ. ಈ ನಿಯಮ ಮಾಡಿದವಳು ನಾನೇ.

ಒಳಗಿರುವುದಾದರೂ ಏನು? ಅರ್ಧ ತಿಂದ ಬನ್ನು, ಒಗೆಯದ ಕಾಲುಚೀಲ, ಓದುವ ಕನ್ನಡಕ. ಮಹಾಶಯನ ಲೋಕದಲ್ಲಿ ಯಾರೂ ಏನನ್ನೂ ಸುಮ್ಮನೆ ಮರೆಯುವುದಿಲ್ಲ. ಅಲ್ಲಿ ಬೆಂಚಿನ ಮೇಲೆ ಬಿಟ್ಟ ಚೀಲವೆಂದರೆ ಯಾರೋ ಬೇಕೆಂದೇ ಬಿಟ್ಟದ್ದು, ಅದರ ಹಿಂದೆ ಒಂದು ತಲೆ, ತಲೆಯ ಹಿಂದೆ ಒಂದು ದೇಶ. ನಾನು ಆ ಪುಸ್ತಕಗಳನ್ನು ಯಾಕೆ ಬಿಡಲಾರೆ ಎಂದು ಇವತ್ತು ಸ್ವಲ್ಪ ಅರ್ಥವಾಯಿತು. ಅವನಿಗೆ ಸಿಗುವ ಚೀಲಗಳಿಗೆಲ್ಲ ಅರ್ಥವಿರುತ್ತದೆ.

ಮಾರ್ಚ್ ೧೯, ಬುಧವಾರ

ಆರನೆಯ ಪುಸ್ತಕ. ಟಿಕೆಟ್ ಕೌಂಟರಿನ ಹತ್ತಿರ ಕೋಟು ಹಾಕಿದವನೊಬ್ಬ ಮೂರು ಸಲ ಗಡಿಯಾರ ನೋಡಿದ. ಇಷ್ಟು ಸೆಖೆಯಲ್ಲಿ ಕೋಟು. ಗಮನಿಸಿದೆ.

ಕೊಡೆಯಣ್ಣ ನಾನು ಈಚೆಗೆ ತುಂಬ ಚುರುಕಾಗಿದ್ದೇನೆ ಅಂದ. "ಮೊದಲು ನಿಮಗೆ ಹೇಳಿದ ಜೋಕು ಮಾರನೇ ದಿನ ಅರ್ಥ ಆಗ್ತಿತ್ತು. ಈಗ ನಾನು ಹೇಳೋಕೆ ಮುಂಚೆ ನೀವೇ ಹೊಡೀತೀರಿ."

ಕೋಟಿನವನು ಹೆಂಡತಿಗಾಗಿ ಕಾಯುತ್ತಿದ್ದನಂತೆ. ಹಾಗಂತ ಅವನೇ ಹೇಳಿದ.

ಮಾರ್ಚ್ ೨೭, ಗುರುವಾರ

ನಿಂತೇ ಬರೆಯುತ್ತಿದ್ದೇನೆ, ಕೂರಲು ಆಗುತ್ತಿಲ್ಲ. ಹೆದರಿಕೆಯಿಂದಲ್ಲ.

ಬೆಳಗಿನ ಗಾಡಿ ಗುಡಿಸುವವನು ಒಂದು ಕಂದು ಚೀಲ ತಂದು ಕೌಂಟರಿನ ಮೇಲೆ ಧೊಪ್ಪೆಂದು ಹಾಕಿ ಹೋದ. ಕೊಡೆಯಣ್ಣ ಚಹಾ ತರಲು ಹೋಗಿದ್ದ. ಭಾರದ ಚೀಲ. ಹೊಸ ಬೀಗ, ಹಳೆಯ ಚೀಲ. ಇಂಥದ್ದನ್ನು ಅವನು ನಾಲ್ಕನೆಯ ಪುಸ್ತಕದಲ್ಲಿ ಗಮನಿಸುತ್ತಾನೆ. ಬೀಗ ಹಾಕಿರಲಿಲ್ಲ, ಬರೀ ನೇತಾಡುತ್ತಿತ್ತು. ನಾನೊಬ್ಬಳೇ ಜಿಪ್ ಎಳೆದೆ. ಗುಲಾಬಿ ಬಣ್ಣದ ಹಲಗೆಗಳು, ಒಂದರ ಮೇಲೊಂದು. ಬಿಳಿ ಪುಡಿಯ ಪೊಟ್ಟಣಗಳು. ಸುರುಳಿ ಸುತ್ತಿದ ಸಣ್ಣ ತಂತಿ. ಫೋನು ಬಡಿದುಕೊಳ್ಳುತ್ತಿತ್ತು, ಅಂಥ ಹೊತ್ತಿನಲ್ಲಿ ಫೋನು ಎತ್ತುವವರು ಬೇರೆ.

ಕೊಡೆಯಣ್ಣ ಎರಡು ಲೋಟ ಹಿಡಿದು ಬಂದವನು, "ಜೇಬು ನೋಡಿದ್ರಾ ಮೇಡಂ?" ಅಂದ.

ನಾನು ಹೇಳಿದೆ: "ಜೇಬು ನೋಡೋಕೆ ಹೋದೋರನ್ನ ಆಮೇಲೆ ಜೇಬಲ್ಲೇ ತುಂಬ್ಕೊಂಡು ಹೋಗಬೇಕಾಗುತ್ತೆ ಅಣ್ಣ."

ಎಲ್ಲಿಂದ ಬಂತೋ ಆ ಮಾತು. ತಾನಾಗಿ ಬಂತು, ಸರಿಯಾದ ಹೊತ್ತಿಗೆ ಬಂತು. ನಾನು ಅಪಾಯದ ಗಂಟೆಯ ಕೆಂಪು ಗುಂಡಿ ಒತ್ತಿದೆ. ಇಡೀ ನಿಲ್ದಾಣ ಖಾಲಿಯಾಯಿತು. ಬಾಂಬ್ ದಳ ಬಂತು. ಚೀಲವನ್ನು ಹಿಂದಿನ ಅಂಗಳಕ್ಕೆ ಒಯ್ದು ಫಿರಂಗಿಯಂಥದ್ದರಿಂದ ನೀರು ಹೊಡೆದು ಚಿಂದಿ ಮಾಡಿದರು. ಒಳಗೆ ಏನಿತ್ತೆಂದು ಇನ್ನೂ ಹೇಳಿಲ್ಲ. ಭದ್ರತೆಯ ಸಾಹೇಬರು ನನ್ನ ಭುಜ ತಟ್ಟಿದರು. ಮೇಲಧಿಕಾರಿ ತಾವೇ ಕುರ್ಚಿ ತಂದುಕೊಟ್ಟರು.

ಅಮ್ಮನ ಹಲ್ಲು ಇವತ್ತು ಬರಬೇಕಿತ್ತು. ಬರಲಿಲ್ಲ. ಹೇಳಿದ ದಿನ ಕೊಟ್ಟರೆ ಅವರ ಗಂಟೇನು ಹೋಗುತ್ತದೋ.

ಮಾರ್ಚ್ ೨೯, ಶನಿವಾರ

ಪತ್ರಿಕೆಯಲ್ಲಿ ಬಂದಿದೆ. ಚೀಲದ ಒಡೆಯನನ್ನು ಹಿಡಿದು ವಿಚಾರಿಸುತ್ತಿದ್ದಾರೆ. ಸ್ಫೋಟಕ ಸಿಕ್ಕಿಲ್ಲ, "ಕೆಲವು ವಸ್ತುಗಳನ್ನು ಪರೀಕ್ಷೆಗೆ ಕಳುಹಿಸಲಾಗಿದೆ." ಸಿಕ್ಕಿಲ್ಲ ಅಂದರೆ ಇರಲಿಲ್ಲ ಅಂತಲ್ಲ. ಜೇಬಿನ ಬಗ್ಗೆ ನಾನಂದ ಮಾತನ್ನು ಪತ್ರಿಕೆಯವರು ಚೌಕದೊಳಗೆ ಹಾಕಿದ್ದಾರೆ.

ಅಮ್ಮ ಕತ್ತರಿಸಿ ಇಟ್ಟುಕೋ ಅಂದಳು. ಆಗಲೇ ಇಟ್ಟುಕೊಂಡಿದ್ದೆ.

ಏಪ್ರಿಲ್ ೧, ಮಂಗಳವಾರ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಫೋನು ಮಾಡಿದೆ. ಸೆಟ್ ಮಾಡುವವರಿಗೆ ದಾರಿಯಲ್ಲಿ ಏನೋ ತೊಂದರೆಯಾಯಿತಂತೆ, ಇನ್ನೂ ತಡವಾಗುತ್ತದಂತೆ.

"ಹಲ್ಲು ಬರೋದಕ್ಕೆ ಹಸುಗೂಸುಗಳೂ ಇಷ್ಟು ತಡ ಮಾಡಲ್ಲಮ್ಮ" ಅಂದೆ. ಫೋನೆತ್ತಿದ ಹುಡುಗಿ, ವಿಚಾರಿಸಿ ಹೇಳ್ತೀನಿ ಅಂದಳು. ಅಮ್ಮ ಸುಮಾರು ನಾಲ್ಕು ವಾರದಿಂದ ಬೇಯಿಸಿ ಹಿಸುಕಿದ್ದನ್ನೇ ನುಂಗುತ್ತಿದ್ದಾಳೆ. ದಾರಿಯಲ್ಲಿ ತೊಂದರೆಯಂತೆ. ಎಲ್ಲರಿಗೂ ಒಂದು ನೆಪ.

ಏಪ್ರಿಲ್ ೭, ಸೋಮವಾರ

ಸನ್ಮಾನ. ಶಾಲು, ಹೂವು, ಚಪ್ಪಾಳೆ. ನನ್ನ ಫೋಟೋವನ್ನೂ ಜೇಬಿನ ಮಾತನ್ನೂ ಸೇರಿಸಿ ಚೌಕಟ್ಟು ಹಾಕಿಸಿ ಕೌಂಟರಿನ ಹಿಂದೆಯೇ ತೂಗುಹಾಕಿದ್ದಾರೆ. ಕಚೇರಿ ಮುಚ್ಚುವ ಮಾತಿಲ್ಲ. ಬದಲಿಗೆ ಬೇರೆ ನಿಲ್ದಾಣದವರಿಗೆ ನಾನು ಪಾಠ ಹೇಳಬೇಕಂತೆ. ಕೊಡೆಯಣ್ಣ ಚಪ್ಪಾಳೆ ತಟ್ಟಿದ, ಆದರೆ ಕೈಯಲ್ಲಿ ಕೊಡೆ ಹಿಡಿದುಕೊಂಡೇ ತಟ್ಟಿದ, ಸದ್ದು ಬರಲಿಲ್ಲ.

ಸಂಜೆ ವಿಚಾರಣೆಯವರಿಗೆ ಹೇಳಿಕೆ ಬರೆದುಕೊಟ್ಟೆ. "ಗುರುತಿನ ಯಾವ ಚೀಟಿಯೂ ಕಂಡುಬರಲಿಲ್ಲ." ಇದು ಸುಳ್ಳಲ್ಲ. ನೋಡಿರಲಿಲ್ಲ, ಆದ್ದರಿಂದ ಕಂಡಿರಲಿಲ್ಲ. ಈ ವಾಕ್ಯವನ್ನು ಎರಡು ಸಲ ಓದಿಕೊಂಡೆ. ಯಾಕೆ ಓದಿಕೊಂಡೆನೋ.

ಏಪ್ರಿಲ್ ೧೧, ಶುಕ್ರವಾರ

ಅವನು ಬಂದಿದ್ದ.

ಐವತ್ತು ದಾಟಿದವನು, ದಪ್ಪ ಕನ್ನಡಕ, ಉಗುರಿನ ಸಂದಿಯಲ್ಲಿ ಬಿಳಿ ಪುಡಿ. ಎಲ್ಲರ ಹಾಗೆ ಕೌಂಟರಿಗೆ ಮೊಣಕೈಯಿಟ್ಟು, "ಕಂದು ಚೀಲ. ಮಾರ್ಚ್ ಇಪ್ಪತ್ತೇಳು, ಬೆಳಗಿನ ಗಾಡಿ" ಅಂದ.

"ಇಲ್ಲ" ಅಂದೆ.

"ಇಲ್ಲ ಅಂತ ನನಗೂ ಗೊತ್ತು ಮೇಡಂ. ಇಲ್ಲ ಅಂತ ಬರೆದು ಸಹಿ ಹಾಕಿ ಕೊಡಿ. ಕ್ಲಿನಿಕ್ಕಿನೋರಿಗೆ ತೋರಿಸಬೇಕು. ಹಲ್ಲು ಎತ್ಕೊಂಡು ಓಡಿಹೋದೆ ಅಂತಾರೆ ಕೆಲವರು, ಬಾಂಬ್ ಮಾಡ್ತೀನಿ ಅಂತಾರೆ ಇನ್ನು ಕೆಲವರು. ಎರಡರಲ್ಲಿ ಒಂದಾದ್ರೂ ಬಗೆಹರೀಲಿ."

ಮಾತುಗಾರ. ಕೇಳದಿದ್ದರೂ ಹೇಳುತ್ತಾನೆ. ಹಲ್ಲಿನ ಸೆಟ್ ಮಾಡುವುದು ಕೆಲಸ. ಗುಲಾಬಿಯದು ಮೇಣ, ಬಿಳಿಯದು ಅಚ್ಚಿನ ಪುಡಿ, ತಂತಿ ಹಲ್ಲು ಹಿಡಿಸುವುದಕ್ಕೆ. ಹಿಂದಿನ ದಿನವೆಲ್ಲ ಕೆಲಸ ಮಾಡಿ, ಗಾಡಿಯಲ್ಲಿ ತೂಕಡಿಸಿ, ನಿಲ್ದಾಣ ಬಂತೆಂದು ಗಾಬರಿಯಲ್ಲಿ ಇಳಿದುಬಿಟ್ಟನಂತೆ. ಚೀಲ ಮರೆತ. ಸುಮ್ಮನೆ ಮರೆತ. ಇಳಿದ ತಕ್ಷಣ ನಮ್ಮ ಕಚೇರಿಗೆ ಫೋನು ಮಾಡಿದ, ಯಾರೂ ಎತ್ತಲಿಲ್ಲ. ಪೊಲೀಸರು ಎರಡು ದಿನ ಕೂಡಿಹಾಕಿ ಬಿಟ್ಟರು. ಆದರೆ ವಿಚಾರಣೆ ಮುಗಿಯುವವರೆಗೆ ರೈಲಿನ ಪಾಸು ಅವರ ಹತ್ತಿರ. "ಗಾಡಿ ಹತ್ತೋ ಹಾಗಿಲ್ಲ. ಇವತ್ತು ಮೂರು ಬಸ್ ಬದಲಾಯಿಸಿ ಬಂದೆ. ದಿನಾ ಹೀಗೆ ಬರೋಕಾಗುತ್ತಾ? ಕ್ಲಿನಿಕ್ಕಿನೋರು ಇಪ್ಪತ್ನಾಲ್ಕನೇ ತಾರೀಖಿನವರೆಗೆ ನೋಡ್ತಾರಂತೆ. ಅವತ್ತೇ ವಿಚಾರಣೆ. ನನ್ನ ಹೆಸರು ಬಿಡಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತಾರೆ ಕೆಲಸ."

ಆಮೇಲೆ ಅವನ ಕಣ್ಣು ನನ್ನ ತಲೆಯ ಮೇಲೆ ಹೋಯಿತು. ಚೌಕಟ್ಟು. ಕನ್ನಡಕ ಮೇಲೆತ್ತಿ ಓದಿದ.

"ಇದು ನೀವೇನಾ?"

"ಹೌದು."

"ಚೆನ್ನಾಗಿದೆ ಮಾತು" ಅಂದ. "ಜೇಬಲ್ಲಿ ನನ್ನ ಕಾರ್ಡಿತ್ತು."

ಕೊಡೆಯಣ್ಣ ಒಂದು ಕೊಡೆಯನ್ನು ಬಿಚ್ಚಿ ಅದರ ಹಿಂದೆ ಕೂತುಬಿಟ್ಟ.

ಚೀಟಿ ಬರೆಯುತ್ತಿರುವಾಗ ಅವನು ತನಗೆ ತಾನೇ ಹೇಳಿಕೊಂಡ: "ಬೇರೆಯವು ಹೋಗಲಿ, ಮತ್ತೆ ಮಾಡಬಹುದು. ಒಂದು ಸೆಟ್ಟಿತ್ತು, ಯಾರೋ ಅಜ್ಜಿದು. ಮುಂದಿನ ಹಲ್ಲು ಸೊಟ್ಟಗೆ ಬೇಕು ಅಂದಿದ್ರಂತೆ. ನೆಟ್ಟಗೆ ಕೂರಿಸೋದು ಯಾರಿಗೂ ಬರುತ್ತೆ ಮೇಡಂ. ಸೊಟ್ಟಗೆ, ಆದರೆ ಹುಟ್ಟಿದಾಗಿನಿಂದ ಹಾಗೇ ಇತ್ತು ಅನ್ನೋ ಹಾಗೆ ಕೂರಿಸೋದು ಇದೆಯಲ್ಲ. ನಾಲ್ಕು ಸಲ ಕಿತ್ತು ಕೂರಿಸಿದ್ದೆ."

ಚೀಟಿಯಲ್ಲಿ 'ಇಲ್ಲ' ಎಂದು ಬರೆದೆ. ಸಹಿ ಹಾಕಿದೆ. ಕೊಟ್ಟೆ.

ಏಪ್ರಿಲ್ ೧೨, ಶನಿವಾರ

ಗುಲಾಬಿ ಮೇಣ. ಕೈಯಳತೆಯ ದೂರದಲ್ಲಿ ನಿಂತು ನೋಡಿದ್ದೆ, ಮಾರ್ಚ್ ಆರನೇ ತಾರೀಖು. ಇಲ್ಲೇ, ಈ ಪುಸ್ತಕದಲ್ಲೇ ಬರೆದಿದ್ದೇನೆ. ಜಿಪ್ ಎಳೆದಾಗ ಅದು ನೆನಪಾಯಿತೋ ಇಲ್ಲವೋ? ಆಗಲಿಲ್ಲ ಎಂದು ಬರೆಯಬಹುದು. ಏನೋ ಒಂದು ಕ್ಷಣ ಗುರುತಿನದು ಅನ್ನಿಸಿತ್ತು. ಆ ಕ್ಷಣವನ್ನು ಪಕ್ಕಕ್ಕೆ ತಳ್ಳಿದೆ, ಟ್ಯಾಕ್ಸಿಯವನನ್ನು ತಳ್ಳುವ ಹಾಗೆ.

ಅಮ್ಮನಿಗೆ ಹೇಳಿದೆ. ಅವಳು ಮೊದಲು ನಕ್ಕಳು. "ನನ್ನ ಹಲ್ಲಿಗೆ ಬಾಂಬ್ ದಳ ಬಂದಿತ್ತಾ? ಇನ್ನೂ ಬಾಯಿಗೇ ಇಟ್ಟಿರಲಿಲ್ಲ, ಊರೇ ಓಡಿತಾ?" ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹಾಗಾದ್ರೆ ಆ ಡ್ರೈವರ್ ಮತ್ತೆ ಬಂದ ಅನ್ನು."

ಏಪ್ರಿಲ್ ೧೬, ಬುಧವಾರ

ವಿಚಾರಣೆಯವರಿಗೆ ಹೊಸ ಹೇಳಿಕೆ ಬರೆಯಲು ಕೂತರೆ ಬರುವುದೆಲ್ಲ ಮಹಾಶಯನ ದನಿ. "ಅಪಾಯಕಾರಿಯಾಗಿದ್ದದ್ದು ಚೀಲವಲ್ಲ, ಅದನ್ನು ತೆರೆದವಳು" ಎಂದು ಶುರುಮಾಡಿದ್ದೆ. ಓದಿಕೊಂಡಾಗ ಎಷ್ಟು ಹಿತವಾಯಿತೆಂದರೆ, ಅದಕ್ಕೂ ಯಾರಾದರೂ ಚೌಕಟ್ಟು ಹಾಕಲಿ ಅನ್ನಿಸಿತು. ಹರಿದೆ. ಎರಡನೆಯದರಲ್ಲಿ ನನ್ನ ವಿನಯವೇ ಮೂರು ಸಾಲಿತ್ತು. ಅದನ್ನೂ ಹರಿದೆ.

ಮೇಲಧಿಕಾರಿಗೆ ಮೊದಲೇ ತಿಳಿಸುವುದು ಧರ್ಮ ಎಂದು ಮೇಲೆ ಹೋದೆ. ಅವರು ಬಾಗಿಲು ಹಾಕಿದರು.

"ಅವನನ್ನ ಬಿಟ್ಟಿದ್ದಾರಲ್ಲಮ್ಮ. ಇನ್ನೇನು?"

"ಪಾಸು ಕೊಟ್ಟಿಲ್ಲ ಸಾರ್."

"ಕೊಡ್ತಾರೆ, ಇವತ್ತಲ್ಲ ನಾಳೆ. ನೀವು ಇದನ್ನ ಬರೆದ್ರೆ ನಿಮ್ಮ ಕಚೇರಿ ಉಳಿಯುತ್ತಾ? ಕಡ್ಡೀನ ಗುಡ್ಡ ಮಾಡಬೇಡಿ."

"ಅದು ಆಗಲೇ ಮಾಡಿಯಾಗಿದೆ ಸಾರ್."

ಬಾಯಿಗೆ ಬಂತು, ಅಂದೆ. ಅಂದಮೇಲೆ ನಾಚಿಕೆಯಾಯಿತು, ಮತ್ತೆ ಅದೇ ಚಟ. ಅವರು ನಗಲಿಲ್ಲ. ಕೊನೆಗೆ, "ಬರೆಯೋದಾದ್ರೆ ಬರೀರಿ. ನನ್ನ ಕೈಗೆ ಕೊಡಿ, ನಾನೇ ತಲುಪಿಸ್ತೀನಿ" ಅಂದರು. ಕಳೆದುಹೋಗುವ ಸಾಮಾನುಗಳ ಬಗ್ಗೆ ನನಗೂ ಸ್ವಲ್ಪ ಗೊತ್ತು. ಬೇಡ ಸಾರ್, ರಿಜಿಸ್ಟರ್ ಅಂಚೆಯಲ್ಲಿ ಕಳಿಸ್ತೀನಿ ಎಂದೆ.

ಕೆಳಗೆ ಬಂದು ಕೊಡೆಯಣ್ಣನಿಗೆ ಹೇಳಿದೆ. ಕೆಲಸ ಹೋದರೆ ಅವನದೂ ಹೋಗುತ್ತದೆ.

"ನೀನು ಜೇಬು ನೋಡಿ ಅಂದಿದ್ದೆ. ಅದನ್ನ ಬರೆಯಲಾ ಅಣ್ಣ?"

ಅವನು ಕೊಡೆಯ ಕಡ್ಡಿಗೆ ದಾರ ಸುತ್ತುತ್ತಲೇ ಇದ್ದ. "ಬರೀರಿ. ಟೀ ತರೋಕೆ ಹೋಗಿದ್ದು ಮಾತ್ರ ಬರೀಬೇಡಿ."

"ಅದನ್ನ ಬಿಟ್ರೆ ನಾನೊಬ್ಬಳೇ ತೆರೆದದ್ದು ಹೇಗೆ ಅಂತ ಕೇಳ್ತಾರೆ."

"ಹಾಗಾದ್ರೆ ಅದನ್ನೂ ಬರೀರಿ" ಅಂದ. "ಎರಡು ಲೋಟ ತಂದಿದ್ದೆ ಅಂತಲೂ ಹಾಕಿ. ನೀವು ನಿಮ್ಮದು ಕುಡೀಲೇ ಇಲ್ಲ."

ಹೊಸ ಪುಸ್ತಕವೊಂದು ಬಂದಿದೆ, ಹತ್ತನೆಯದು. ಮುಖಪುಟದಲ್ಲಿ ಅದೇ ಬೆಂಕಿ. ಕಪಾಟಿನಲ್ಲಿಟ್ಟೆ. ಮುಟ್ಟಲೇ ಇಲ್ಲ ಅಂತೇನಿಲ್ಲ. ಮೊದಲ ಪುಟ ನಿಂತೇ ಓದಿದೆ. ವಿಮಾನ ನಿಲ್ದಾಣದಲ್ಲಿ ಒಂದು ಚೀಲ. ಮಹಾಶಯನಿಗೆ ಗೊತ್ತಾಗುವುದಕ್ಕೆ ಮುಂಚೆ ನಾನು ಅದರ ಪಕ್ಕದ ಜೇಬು ಹುಡುಕುತ್ತಿದ್ದೆ.

ಏಪ್ರಿಲ್ ೨೦, ಭಾನುವಾರ

ಮುಗಿಯಿತು. ಒಂದು ಪುಟವೂ ತುಂಬಲಿಲ್ಲ. ಅಮ್ಮ ಓದು ಅಂದಳು, ಓದಿದೆ.

ಚೀಲವನ್ನು ನಾನೊಬ್ಬಳೇ ತೆರೆದೆ, ಅದು ನಮ್ಮ ಕ್ರಮವಲ್ಲ. ಪಕ್ಕದ ಜೇಬು ನೋಡಲಿಲ್ಲ. ನೋಡಿ ಎಂದು ನನ್ನ ಸಹೋದ್ಯೋಗಿ ಹೇಳಿದರೂ ನೋಡಲಿಲ್ಲ. ಫೋನು ಬಡಿದುಕೊಳ್ಳುತ್ತಿತ್ತು, ಎತ್ತಲಿಲ್ಲ. ಅಂಥ ಮೇಣವನ್ನು ನಾನು ಅದಕ್ಕೆ ಮೂರು ವಾರ ಮೊದಲು ನನ್ನ ತಾಯಿಯ ಬಾಯಲ್ಲಿ ನೋಡಿದ್ದೆ. ಏಪ್ರಿಲ್ ಏಳರ ಹೇಳಿಕೆಯಲ್ಲಿ ಗುರುತಿನ ಚೀಟಿ ಕಂಡುಬರಲಿಲ್ಲ ಎಂದು ಬರೆದದ್ದು, ನಾನು ಹುಡುಕದೇ ಇದ್ದುದರಿಂದ. ಚೀಲದ ಒಡೆಯರಾದ ಇವರು ಅದನ್ನು ಮರೆತರು, ಅಷ್ಟೇ. ಇವರ ಪಾಸನ್ನು ಕೊಡಬೇಕು, ಹೆಸರನ್ನು ಬಿಡಬೇಕು.

"ಅಷ್ಟೇನಾ?" ಅಂದಳು ಅಮ್ಮ.

"ಇನ್ನೇನಮ್ಮ?"

"ಯಾಕೆ ಹಾಗೆ ಮಾಡಿದೆ ಅಂತ ಕೇಳಲ್ವಾ ಅವರು?"

ಅದನ್ನು ಬಿಟ್ಟೇ ಕಳಿಸುವವಳಿದ್ದೆ. ಬಹಳ ಹೊತ್ತು ಪೆನ್ನು ಹಿಡಿದು ಕೂತೆ. ಹೆದರಿ ಮಾಡಿದೆ ಎಂದು ಬರೆದರೆ ಎಲ್ಲರೂ ಒಪ್ಪುತ್ತಾರೆ. ಹೆದರಿದವರನ್ನು ಯಾರೂ ಬೈಯುವುದಿಲ್ಲ. ಕೊನೆಗೆ ಕೆಳಗೆ ಒಂದು ಸಾಲು ಸೇರಿಸಿದೆ: "ನನಗೆ ಹೆದರಿಕೆಯಾಗಿರಲಿಲ್ಲ. ಖುಷಿಯಾಗಿತ್ತು."

ಅಮ್ಮ ಆ ಸಾಲನ್ನು ಇನ್ನೊಂದು ಸಲ ಓದಿಸಿಕೊಂಡಳು. ಆಮೇಲೆ, ಹೊಸ ಸೆಟ್ಟಿಗೆ ಮತ್ತೆ ಅಳತೆ ಕೊಡಬೇಕಲ್ಲ, ಅವನೇ ಮಾಡೋದಾದ್ರೆ ಕೊಡ್ತೀನಿ, ಬೇರೆಯವರು ನೆಟ್ಟಗೆ ಮಾಡಿಬಿಡ್ತಾರೆ ಅಂದಳು.

ಲಕೋಟೆಯ ಮೇಲೆ ವಿಳಾಸ ಬರೆದಿದ್ದೇನೆ. ಹಿಂಬದಿಗೆ ನನ್ನ ಹೆಸರು, ಫೋನ್ ನಂಬರು. ಇವತ್ತು ಅಂಚೆ ಕಚೇರಿಗೆ ರಜೆ. ಹಾಕುವುದು ನಾಳೆ, ವಿಚಾರಣೆಗೆ ಮೂರು ದಿನ ಮೊದಲು: ಸೋಮವಾರ, ಏಪ್ರಿಲ್ ೨೧.